ಉಪರಿ ಮತ್ತು ಉಪ

ಪುಟ್ಟಿ,

ನಿನ್ನೆ ನೀನು ಫೋನ್ ಇಟ್ಟ ಮೇಲೆ ನಾನು ತಿರುಗಿ ಮಾಡಲಿಲ್ಲ. ಮಾಡಿದ್ದರೆ ಮತ್ತೆ ಅದನ್ನೇ ಹೇಳುತ್ತಿದ್ದೆ. ಯಾರು ಏನಂದೆವು ಅನ್ನೋದು ಇಬ್ಬರಿಗೂ ಗೊತ್ತು, ಬಿಡು. ಆದರೆ "ಅರ್ಧ ಮಾರ್ಕ್ ತಾನೇ ಅಮ್ಮ" ಅಂದೆಯಲ್ಲ, ಅದೊಂದು ಕಿವಿ ಬಿಟ್ಟು ಹೋಗುತ್ತಿಲ್ಲ.

ಮೆಡಿಕಲ್ ಪದಗಳ ಟೆಸ್ಟಿನಲ್ಲಿ ಹೈಪೋಕ್ಯಾಲೀಮಿಯ ಅನ್ನಬೇಕಾದ ಕಡೆ ಹೈಪರ್‌ಕ್ಯಾಲೀಮಿಯ ಅಂತ ಬರೆದಿದ್ದೀಯ. ಮೊದಲನೆಯದು ರಕ್ತದಲ್ಲಿ ಪೊಟ್ಯಾಸಿಯಂ ಕಡಿಮೆಯಾಗೋದು, ಅದಕ್ಕೆ ಪೊಟ್ಯಾಸಿಯಂ ಕೊಡಬೇಕು. ಎರಡನೆಯದು ಹೆಚ್ಚಾಗೋದು, ಅದಕ್ಕೂ ಪೊಟ್ಯಾಸಿಯಂ ಕೊಟ್ಟರೆ ಹೃದಯ ನಿಂತುಹೋಗಬಹುದು. ರಕ್ತದಲ್ಲಿ ಅದು ಇರಬೇಕಾದ್ದು ಲೀಟರಿಗೆ ಸುಮಾರು 3.5ರಿಂದ 5 ಮಿಲಿಮೋಲ್, ಅಷ್ಟೇ ಜಾಗ.

ಉರು ಹೊಡಿ ಅಂದದ್ದು ನನ್ನ ತಪ್ಪು. ಉರು ಹೊಡೆದದ್ದು ನಿದ್ದೆಗಣ್ಣಲ್ಲಿ ಅದಲುಬದಲಾಗುತ್ತೆ. ಪದವನ್ನು ಒಡೆದು ಬಾಲದಿಂದ ಓದು. 'ಈಮಿಯ' ಅಂದರೆ ರಕ್ತದಲ್ಲಿ. ಗ್ರೀಕಿನ ಹೈಮಾದಿಂದ ಬಂದದ್ದು. 'ಕ್ಯಾಲ್' ಅಂದರೆ ಕ್ಯಾಲಿಯಂ, ಪೊಟ್ಯಾಸಿಯಂನ ಲ್ಯಾಟಿನ್ ಹೆಸರು. ಆ ಮೂಲವಸ್ತುವಿನ ಸಂಕೇತ 'ಕೆ' ಆಗಿರೋದು ಇದರಿಂದಲೇ. ಇನ್ನೂ ಹಿಂದೆ ಹೋದರೆ ಗಿಡ ಸುಟ್ಟ ಬೂದಿಗಿದ್ದ ಅರಬ್ಬಿ ಹೆಸರು ಸಿಗುತ್ತೆ. ಉಳಿದದ್ದು ತಲೆ. ಗ್ರೀಕಿನ ಹೈಪರ್, ಸಂಸ್ಕೃತದ ಉಪರಿ ಒಂದೇ ಬೇರಿನವು. ಹೈಪೋ, ಉಪ ಕೂಡ ಹಾಗೇ. ಉಪ್ಪರಿಗೆ ಮೇಲಿರುತ್ತೆ, ಉಪಾಧ್ಯಕ್ಷ ಅಧ್ಯಕ್ಷನ ಕೆಳಗಿರುತ್ತಾನೆ. ಇಷ್ಟು ಹಿಡಿದುಕೊಂಡರೆ ನಿದ್ದೆಗಣ್ಣಲ್ಲೂ ತಪ್ಪೋದಿಲ್ಲ.

ಇಂಥ ನೆಂಟಸ್ತಿಕೆ ಬೇಕಾದಷ್ಟಿದೆ. ಆಸ್ಟಿಯೋಗೆ ಅಸ್ಥಿ, ಡೆಂಟಲ್‌ಗೆ ದಂತ, ಸುತ್ತ ಅನ್ನೋ ಪೆರಿಗೆ ಪರಿ, ಕೆಟ್ಟ ಅನ್ನೋ ಡಿಸ್‌ಗೆ ದುಸ್. ಇಲ್ಲ ಅನ್ನೋದಕ್ಕೆ ವ್ಯಂಜನದ ಮುಂದೆ 'ಅ', ಸ್ವರದ ಮುಂದೆ 'ಅನ್': ಅಜ್ಞಾನ, ಅನಾದಿ ಇದ್ದ ಹಾಗೆ ಅಪ್ನಿಯ (ಉಸಿರಿಲ್ಲ), ಅನೀಮಿಯ (ರಕ್ತವಿಲ್ಲ). ಹೈಸ್ಕೂಲಲ್ಲಿ ಸಂಧಿಗಳನ್ನು ಪಟಪಟ ಬಿಡಿಸುತ್ತಿದ್ದವಳು ನೀನು, ಇದೇನು ಮಹಾ. ಆದರೆ ಕಂಡದ್ದೆಲ್ಲ ನೆಂಟರು ಅಂದುಕೊಳ್ಳಬೇಡ. ಪೆಡಿಕ್ಯೂರಿನ 'ಪೆಡ್' ಲ್ಯಾಟಿನ್ನಿನ ಪಾದ, ಪೀಡಿಯಾಟ್ರಿಕ್ಸಿನದು ಗ್ರೀಕಿನ ಮಗು. ಹುಟ್ಟಿದಾಗಿನ ಅರ್ಥವನ್ನೂ ಪೂರ್ತಿ ನಂಬಬೇಡ. ಮಲೇರಿಯ ಅಂದರೆ ಇಟಾಲಿಯನ್ನಿನಲ್ಲಿ ಕೆಟ್ಟ ಗಾಳಿ. 1897ರಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯದ ಪರೋಪಜೀವಿಯನ್ನು ಕಂಡ ಮೇಲೂ ಹೆಸರು ಬದಲಾಗಲಿಲ್ಲ.

ಬಾಲಗಳಲ್ಲಿ ಮೂರು ಒಂದೇ ಥರ ಕೇಳುತ್ತವೆ. ಓಟಮಿ ಅಂದರೆ ಕೊಯ್ಯೋದು. ಎಕ್ಟಮಿ ಅಂದರೆ ಕೊಯ್ದು ಹೊರಗೆ ತೆಗೆಯೋದು. 'ಎಕ್' ಅಂದರೇ ಹೊರಗೆ. ಆಸ್ಟಮಿ ಅಂದರೆ ತೆರೆದ ಬಾಯಿಯೊಂದನ್ನು ಮಾಡಿಡೋದು, ಸ್ಟೋಮ ಅಂದರೆ ಬಾಯಿ. ಕೊಲೆಕ್ಟಮಿಯಲ್ಲಿ ದೊಡ್ಡ ಕರುಳನ್ನೋ ಅದರ ಒಂದು ಭಾಗವನ್ನೋ ತೆಗೀತಾರೆ. ಕೊಲಾಸ್ಟಮಿಯಲ್ಲಿ ಅದನ್ನು ಹೊಟ್ಟೆಯ ಮೇಲೆ ತೆರೆದಿಡುತ್ತಾರೆ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವವರಿಗೆ ಈ ವ್ಯತ್ಯಾಸವನ್ನು ನೀನೇ ಬಿಡಿಸಿ ಹೇಳಬೇಕಾಗುತ್ತೆ.

ನೋಡು, ಪಾಠ ಶುರುವಾಗೇಬಿಟ್ಟಿತು. ಆದರೂ ಹೈಪೋ ವಿಷಯ ಇನ್ನೊಂದು ಸಲ ಹೇಳುತ್ತೇನೆ, ಬೈಕೋ ಬೇಕಾದರೆ. ಹೈಪೋ, ಹೈಪರ್ ಬೇರೆ ಅಂತ ಕಾಗದದ ಮೇಲಾದರೂ ಕಣ್ಣಿಗೆ ಬೀಳುತ್ತೆ, ನಾಳೆ ಆಸ್ಪತ್ರೆಯಿಂದ ಫೋನಲ್ಲಿ ಹೇಳುವಾಗ ಎರಡೂ ಒಂದೇ ಥರ ಕೇಳುತ್ತೆ. ಇಡೀ ಪದ ಹೇಳಿದೆ ಅಂತ ಸುಮ್ಮನಾಗಬೇಡ. "ಪೊಟ್ಯಾಸಿಯಂ ಕಡಿಮೆ, ಎರಡು ಪಾಯಿಂಟ್ ಎಂಟು" ಅನ್ನು. ಆ ಕಡೆಯವರು ಅದನ್ನೇ ತಿರುಗಿ ಹೇಳಲಿ, ನೀನು ಹೂಂ ಅನ್ನು. ಶುಗರ್‌ಗೂ ಹೀಗೇ. 70ಕ್ಕಿಂತ ಕೆಳಗಿದ್ದವರನ್ನು ಹೈಪರ್ ಅಂತ ಕೇಳಿಸಿಕೊಂಡು ಶುಗರ್ ಇನ್ನೂ ಇಳಿಸೋ ಇನ್ಸುಲಿನ್ ಕೊಟ್ಟರೆ... ಬರೆಯೋಕೂ ಕೈ ಬರಲ್ಲ. ನಿನ್ನನ್ನು ಗದರಿದ್ದು ಈ ಭಯಕ್ಕೆ, ಮಾರ್ಕ್ಸಿಗಲ್ಲ. ಹಾಗಂತ ನಿನ್ನೆಯೇ ಹೇಳಬೇಕಿತ್ತು.

ಮುಂದಿನ ಟೆಸ್ಟಿನ ಪದಗಳ ಪಟ್ಟಿಯ ಫೋಟೋ ಕಳಿಸು, ಒಡೆದು ಕಳಿಸುತ್ತೇನೆ. ಮಾತಾಡೋ ಮನಸ್ಸಿಲ್ಲದಿದ್ದರೆ ಬರೀ ಫೋಟೋ ಸಾಕು.

ಅಮ್ಮ