ಜಾವಾಸ್ಕ್ರಿಪ್ಟ್ ನಿಧಾನವಾಗಲು ಕಾರಣವೇ ಬೇರೆ

ಮಾನ್ಯರೇ,

ಜಾವಾಸ್ಕ್ರಿಪ್ಟ್, ಪೈಥಾನ್‌ಗಳು ಪ್ರೋಗ್ರಾಮನ್ನು ಸಾಲು ಸಾಲಾಗಿ ಓದಿ ನಡೆಸುವುದರಿಂದಲೇ ನಿಧಾನ ಎಂದು ನಿಮ್ಮ ತಂತ್ರಜ್ಞಾನ ಪುಟದ ಲೇಖನ ಹೇಳಿದೆ. ಇದು ಸರಿಯಲ್ಲ. ಪೈಥಾನ್ ಕೂಡ ಇಡೀ ಫೈಲನ್ನು ಮೊದಲು ಬೈಟ್‌ಕೋಡ್‌ಗೆ, ಅಂದರೆ ಮೂಲ ಪ್ರೋಗ್ರಾಮಿಗೂ ಯಂತ್ರದ ಭಾಷೆಗೂ ನಡುವಿನ ಸಂಕ್ಷಿಪ್ತ ಸೂಚನೆಗಳಿಗೆ, ಇಳಿಸಿಕೊಂಡೇ ಓಡುತ್ತದೆ.

ತೊಡಕಿರುವುದು ಬೇರೆಡೆ. ಎರಡು ಮೌಲ್ಯಗಳನ್ನು ಕೂಡಿಸು ಎಂದು ಬರೆದಾಗ ಅವು ಪೂರ್ಣಾಂಕಗಳೋ ಪಠ್ಯದ ತುಣುಕುಗಳೋ (ಸ್ಟ್ರಿಂಗ್) ಎಂಬುದು ಓಡುವವರೆಗೆ ತಿಳಿಯದು. ಹಲವು ಮೌಲ್ಯಗಳನ್ನು ಹೆಸರಿಟ್ಟು ಒಟ್ಟಿಗೆ ಕಟ್ಟಿದ ಆಬ್ಜೆಕ್ಟ್‌ನ ಒಂದು ಫೀಲ್ಡ್ (ಅದರೊಳಗಿನ ಒಂದು ಮೌಲ್ಯ) ಮೆಮೊರಿಯಲ್ಲಿ ಎಲ್ಲಿದೆ ಎಂಬುದೂ ಅಷ್ಟೇ. ಸಿ ಭಾಷೆಯಂತೆ ಮೊದಲೇ ಬಿಗಿಯಾದ ಮೆಷಿನ್ ಕೋಡ್ (ಪ್ರೊಸೆಸರ್ ನೇರವಾಗಿ ನಡೆಸುವ ಸೂಚನೆಗಳು) ತಯಾರಿಸಲು, ಪ್ರೋಗ್ರಾಮನ್ನು ಅನುವಾದಿಸುವ ಕಂಪೈಲರ್‌ಗೆ ಆಧಾರವೇ ಇರುವುದಿಲ್ಲ.

ಕ್ರೋಮ್ ಬ್ರೌಸರ್ ಮತ್ತು ಬ್ರೌಸರ್ ಹೊರಗೆ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್‌ನ ಒಳಗಿರುವ ವಿ8 ಎಂಜಿನ್ ಈ ಆಧಾರವನ್ನು ಓಡುತ್ತಲೇ ಕೂಡಿಹಾಕುತ್ತದೆ. ಅದಕ್ಕೆ ಹಲವು ಹಂತಗಳಿವೆ. ತಳದಲ್ಲಿ ಇಗ್ನಿಷನ್ ಎಂಬ ಇಂಟರ್‌ಪ್ರಿಟರ್, ಅಂದರೆ ಬೈಟ್‌ಕೋಡನ್ನು ಸೂಚನೆ ಸೂಚನೆಯಾಗಿ ನಡೆಸುವ ಭಾಗ. ಬೈಟ್‌ಕೋಡ್ ನಡೆಸುವಾಗ ಯಾವ ಜಾಗದಲ್ಲಿ ಎಂಥ ಮೌಲ್ಯ ಬಂತು, ಆಬ್ಜೆಕ್ಟ್‌ನ ಆಕಾರ (ಯಾವ ಫೀಲ್ಡ್‌ಗಳು, ಯಾವ ಕ್ರಮದಲ್ಲಿ) ಯಾವುದು ಎಂದು ಅದು ಬರೆದಿಡುತ್ತದೆ. ಫಂಕ್ಷನ್ ಮತ್ತೆ ಮತ್ತೆ ಓಡಿದರೆ ಸ್ಪಾರ್ಕ್‌ಪ್ಲಗ್ ಎಂಬ ಕಂಪೈಲರ್ ಅದೇ ಬೈಟ್‌ಕೋಡನ್ನು ಒಂದೇ ಸುತ್ತಿನಲ್ಲಿ, ವೇಗಕ್ಕಾಗಿ ತಿದ್ದಿ ತೀಡುವ ಆಪ್ಟಿಮೈಸೇಷನ್ ಗೋಜಿಗೂ ಹೋಗದೆ, ಮೆಷಿನ್ ಕೋಡ್ ಮಾಡುತ್ತದೆ. ಅದರ ಮೇಲೆ ಮ್ಯಾಗ್ಲೆವ್, ತುದಿಯಲ್ಲಿ ಟರ್ಬೋಫ್ಯಾನ್ ಎಂಬ ಆಪ್ಟಿಮೈಸ್ ಮಾಡುವ ಕಂಪೈಲರ್‌ಗಳು. ಈ ಎರಡೂ ಇಗ್ನಿಷನ್ ಶುರುಮಾಡಿದ ದಾಖಲೆಯನ್ನು ನಂಬಿ, 'ಇಲ್ಲಿ ಬರುವುದು ಪೂರ್ಣಾಂಕವೇ' ಎಂದು ಪಣ ಕಟ್ಟುತ್ತವೆ.

ಇಷ್ಟೊಂದು ಹಂತ ಏಕೆ? 2017ರಿಂದ 2021ರವರೆಗೆ ಇಗ್ನಿಷನ್, ಟರ್ಬೋಫ್ಯಾನ್ ಎಂಬ ಎರಡೇ ಇದ್ದವು. ಟರ್ಬೋಫ್ಯಾನ್‌ನ ಕೋಡ್ ವೇಗದ್ದು, ಆದರೆ ತಯಾರಿ ದುಬಾರಿ. ಪುಟ ತೆರೆಯುವಾಗ ಕೆಲವೇ ಸಲ ಓಡಿ ಮುಗಿಯುವ ಫಂಕ್ಷನ್‌ಗೆ ಆ ಖರ್ಚು ಗಿಟ್ಟುವುದಿಲ್ಲ. ಆ ನಡುವಿನ ಕಂದಕ ತುಂಬಲೆಂದೇ 2021ರಲ್ಲಿ ಸ್ಪಾರ್ಕ್‌ಪ್ಲಗ್, 2023ರಲ್ಲಿ ಮ್ಯಾಗ್ಲೆವ್ ಬಂದವು.

ಕಟ್ಟಿದ ಪಣ ತಪ್ಪಿದರೆ ಕೆಳಗಿಳಿಯಬೇಕು. ಪ್ರೊಸೆಸರ್‌ನ ರಿಜಿಸ್ಟರ್‌ಗಳಲ್ಲಿ ಚದುರಿದ ಮೌಲ್ಯಗಳನ್ನೆಲ್ಲ ಇಂಟರ್‌ಪ್ರಿಟರ್ ತನ್ನ ಮೌಲ್ಯಗಳನ್ನಿಡುವ ಫ್ರೇಮಿಗೆ ಜೋಡಿಸಿ, ಅದೇ ಬೈಟ್‌ಕೋಡ್ ಸ್ಥಾನದಿಂದ ಮುಂದುವರಿಸಬೇಕು. ಹಂತಗಳನ್ನು ಏರುವುದಕ್ಕಿಂತ ಈ ಇಳಿಯುವಿಕೆಯೇ ವಿನ್ಯಾಸಕಾರರಿಗೆ ಹೆಚ್ಚು ಕಷ್ಟದ್ದು. ಸೆಲ್ಫ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಸಂಶೋಧಕರು 1990ರ ದಶಕದ ಆರಂಭದಲ್ಲೇ ಇದರ ದಾರಿ ತೋರಿಸಿದ್ದರು.

ಪ್ರೋಗ್ರಾಮ್ ಬರೆಯುವವರು ತಿಳಿದಿರಬೇಕಾದ್ದೂ ಇಲ್ಲೇ ಇದೆ. ಒಂದೆಡೆ ಹೆಸರು, ವಯಸ್ಸು, ಇನ್ನೊಂದೆಡೆ ವಯಸ್ಸು, ಹೆಸರು ಎಂಬ ಕ್ರಮದಲ್ಲಿ ಆಬ್ಜೆಕ್ಟ್ ಕಟ್ಟಿದರೆ ವಿ8ಗೆ ಅವು ಎರಡು ಬೇರೆ ಆಕಾರಗಳು. ಫೀಲ್ಡ್ ಓದುವ ಒಂದೇ ಜಾಗಕ್ಕೆ ನಾಲ್ಕಕ್ಕಿಂತ ಹೆಚ್ಚು ಆಕಾರ ಬಂದರೆ ಅದು ವಿಶೇಷ ದಾಖಲೆ ಕೈಬಿಟ್ಟು ಸಾಮಾನ್ಯ ಹುಡುಕಾಟಕ್ಕೆ ಇಳಿಯುತ್ತದೆ. ಎಲ್ಲ ಫೀಲ್ಡ್‌ಗಳನ್ನೂ ಆಬ್ಜೆಕ್ಟ್ ಕಟ್ಟುವ ಕನ್‌ಸ್ಟ್ರಕ್ಟರ್‌ನಲ್ಲೇ ಒಂದೇ ಕ್ರಮದಲ್ಲಿ ತುಂಬುವುದು ಒಳ್ಳೆಯದು. ಡಿಲೀಟ್ ಬಳಸಿ ಫೀಲ್ಡ್ ಕಿತ್ತುಹಾಕುವ ಅಭ್ಯಾಸವಂತೂ ಬೇಡ. ಅನುಮಾನವಿದ್ದರೆ ನೋಡ್‌ಗೆ ಟ್ರೇಸ್-ಡೀಆಪ್ಟ್ (--trace-deopt) ಎಂಬ ಆಯ್ಕೆ ಕೊಟ್ಟು ಓಡಿಸಿದರೆ ಪಣ ಎಲ್ಲಿ, ಏಕೆ ತಪ್ಪಿತೆಂದು ಕಾರಣ ಸಮೇತ ಕಾಣುತ್ತದೆ.

ಈ ಪುಟವನ್ನು ಕತ್ತರಿಸಿಟ್ಟುಕೊಳ್ಳುವ ವಿದ್ಯಾರ್ಥಿಗಳಿದ್ದಾರೆ. ದಯವಿಟ್ಟು ತಿದ್ದುಪಡಿ ಪ್ರಕಟಿಸಿ.

– ಕಂಪೈಲರ್ ಎಂಜಿನಿಯರ್, ಬೆಂಗಳೂರು