ನಿನ್ನ ಅಪ್ಪ 'ಬೇಡ' ಅಂದದ್ದು ಯಾರನ್ನ?

ಪ್ರೀತಿಯ ಗೆಳೆಯಾ,

ನಿನ್ನ ಪತ್ರ ಬಂದು ನಾಲ್ಕು ದಿನ ಆಯ್ತು. ಫೋನ್ ಮಾಡಿ ನಾಲ್ಕು ಸಮಾಧಾನದ ಮಾತು ಹೇಳಬಹುದಿತ್ತು. ಆದರೆ ನೀನು ಕೇಳಿದ್ದು ಸಮಾಧಾನವನ್ನಲ್ಲ. 'ಎಲ್ಲಾ ಗೊತ್ತಿದ್ದೂ, ಪೂರ್ತಿ ಮನಸ್ಸಿನಿಂದ ಒಬ್ಬ ಮನುಷ್ಯ ದೇವರನ್ನ ಬೇಡ ಅನ್ನೋಕೆ ಆಗುತ್ತಾ? ಅಪ್ಪ ಮಾಡಿದ್ದು ಅದೇನಾ?' ಅಂತ ಕೇಳಿದ್ದೀಯ. ಇದೇ ಪ್ರಶ್ನೆ ಹೊತ್ತು ತಿರುಗುವವರು ಇನ್ನೂ ಇದ್ದಾರೆ. ಅದಕ್ಕೇ, ನೀನು ಹೇಳಿದ ಹಾಗೆ ಹೆಸರು ಬಿಟ್ಟು, ಎಲ್ಲರೂ ಓದಲಿ ಅಂತ ಬರೆಯುತ್ತಿದ್ದೇನೆ.

ನಿನ್ನ ಅಪ್ಪನ ಕೊನೆಗಾಲದ ಆ ದಿನ ನಾನೂ ಅಲ್ಲೇ ಇದ್ದೆ. ಫಾದರ್, ಸಾಯುವ ಹೊತ್ತಿನಲ್ಲಿರುವವರಿಗೆ ಪ್ರಾರ್ಥಿಸಿ ಹಚ್ಚುವ ತೈಲದ ಪುಟ್ಟ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಅಪ್ಪ ಕಣ್ಣು ಬಿಟ್ಟು ನೋಡಿದರು. 'ಬೇಡ' ಅಂದರು. ಅಷ್ಟೇ. ದನಿಯಲ್ಲಿ ಸಿಟ್ಟಿರಲಿಲ್ಲ. ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಫಾದರ್ ಬಲವಂತ ಮಾಡಲಿಲ್ಲ. ಜಗುಲಿಯಲ್ಲಿ ಕೂತು ಜಪಸರ ಹೇಳಿ ಹೋದರು. ಆ ಒಂದು ಮಾತು ನಿನ್ನ ಎದೆಯ ಮೇಲೆ ಕಲ್ಲಿನ ಹಾಗೆ ಕೂತಿದೆ.

ನಮ್ಮ ಧರ್ಮಸಭೆಯ, ಅಂದರೆ ಕಥೋಲಿಕ ಚರ್ಚಿನ, ಉತ್ತರ ಮೊದಲು ಹೇಳಿಬಿಡುತ್ತೇನೆ. ಆಗುತ್ತದೆ. 1992ರ ಕಥೋಲಿಕ ಧರ್ಮೋಪದೇಶ ಗ್ರಂಥದ ಪ್ರಕಾರ, ನರಕ ಅಂದರೆ ಮನುಷ್ಯ ತನ್ನನ್ನು ತಾನೇ ಕೊನೆಯದಾಗಿ ದೇವರಿಂದ ಹೊರಗಿಟ್ಟುಕೊಳ್ಳುವ ಸ್ಥಿತಿ. ದೇವರು ಯಾರನ್ನೂ ಮೊದಲೇ ಅಲ್ಲಿಗೆಂದು ಬರೆದಿಟ್ಟಿಲ್ಲ ಅಂತಲೂ ಅಲ್ಲಿದೆ. ಅದೇ ಗ್ರಂಥ ಮಾರಕ ಪಾಪಕ್ಕೆ, ಅಂದರೆ ದೇವರಿಂದ ದೂರ ಮಾಡುವ ದೊಡ್ಡ ಪಾಪಕ್ಕೆ, ಮೂರು ಷರತ್ತು ಹಾಕುತ್ತದೆ. ವಿಷಯ ಗಂಭೀರವಾಗಿರಬೇಕು. ಪೂರ್ತಿ ತಿಳಿದಿರಬೇಕು. ಮನಸಾರೆ ಒಪ್ಪಿ ಮಾಡಿರಬೇಕು. ಧರ್ಮೋಪದೇಶದ ಕ್ಲಾಸಿನಲ್ಲಿ ಬೆರಳು ಮಡಚಿ ಮಡಚಿ ಬಾಯಿಪಾಠ ಮಾಡಿದ್ದು ನೆನಪಿದೆ ಅಲ್ವಾ? ಎರಡನೇ ಬೆರಳಿನಲ್ಲೇ ಕಷ್ಟ ಇರುವುದು. ದೇವರ ವಿಷಯದಲ್ಲಿ 'ಪೂರ್ತಿ ತಿಳಿಯುವುದು' ಅಂದರೆ ಏನು?

13ನೇ ಶತಮಾನದಲ್ಲಿ ದೇವಶಾಸ್ತ್ರಜ್ಞ ಸಂತ ಥಾಮಸ್ ಅಕ್ವಿನಾಸ್ ಇದನ್ನ ಚೆನ್ನಾಗಿ ಬಿಡಿಸಿದ್ದಾರೆ. ಮನಸ್ಸು ಏನನ್ನೇ ಬಯಸಲಿ, ಒಳ್ಳೆಯದು ಅಂತ ಕಂಡದ್ದನ್ನೇ ಬಯಸುತ್ತದೆ. ಕಳ್ಳನೂ ಒಂದು ಒಳ್ಳೆಯದನ್ನ ಹುಡುಕಿಯೇ ಕದಿಯುತ್ತಾನೆ. ದೇವರನ್ನ ಮುಖಾಮುಖಿ ಕಂಡವನು ಬೆನ್ನು ತಿರುಗಿಸಲಾರ. ನಾವು ಇಲ್ಲಿ ಹಾಗೆ ಕಾಣುವುದಿಲ್ಲ. ಮಸುಕು ಕನ್ನಡಿಯಲ್ಲಿ ಕಂಡ ಹಾಗೆ ಅಂತ ಸಂತ ಪೌಲರೇ ಬರೆದಿದ್ದಾರೆ. ಅಮೆರಿಕದ ಆರ್ಥೊಡಾಕ್ಸ್ (ಪೂರ್ವದ ಕ್ರೈಸ್ತ ಪಂಗಡದ) ಚಿಂತಕ ಡೇವಿಡ್ ಬೆಂಟ್ಲಿ ಹಾರ್ಟ್ 2019ರಲ್ಲಿ ಇನ್ನೂ ಮುಂದೆ ಹೋದರು. ನಿಜವಾಗಿ ತಿಳಿದು, ನಿಜವಾಗಿ ಸ್ವತಂತ್ರನಾಗಿ ಯಾರೂ ದೇವರನ್ನ ಕೊನೆವರೆಗೂ ತಳ್ಳಲಾರರು, ಆದ್ದರಿಂದ ಕೊನೆಗೆ ಎಲ್ಲರಿಗೂ ರಕ್ಷಣೆ ಸಿಗುತ್ತದೆ ಅಂತ ವಾದಿಸಿದರು.

ನನಗೆ ಈ ವಾದ ತುಂಬಾ ಇಷ್ಟ. ಆದರೂ ಪೂರ್ತಿ ಒಪ್ಪಲು ಆಗಿಲ್ಲ. ಕಾರಣ ನಾನೇ.

ಅಣ್ಣನಿಗೂ ನನಗೂ ಸೈಟಿನ ವಿಷಯದಲ್ಲಿ ಮಾತು ಬಿಟ್ಟದ್ದು ನಿನಗೆ ಗೊತ್ತು. ಮೂರು ವರ್ಷ. ಆ ಮೂರು ವರ್ಷ ನಾನು ಒಂದು ಭಾನುವಾರವೂ ಚರ್ಚಿನ ಪೂಜೆ ತಪ್ಪಿಸಲಿಲ್ಲ. ಒಂದು ದಿನ ಅಣ್ಣ ನನಗಿಂತ ಎರಡು ಬೆಂಚು ಮುಂದೆ ನಿಂತಿದ್ದ. 'ಒಬ್ಬರಿಗೊಬ್ಬರು ಶಾಂತಿಯನ್ನು ಕೋರಿರಿ' ಅಂದಾಗ ಅವನು ಹಿಂದೆ ತಿರುಗಿದ. ನನ್ನನ್ನೇ ನೋಡಿ ಕೈ ಮುಗಿದ. ನಾನು ತಲೆ ತಗ್ಗಿಸಿ ಹಾಡಿನ ಪುಸ್ತಕದಲ್ಲಿ ಪುಟ ಹುಡುಕಿದೆ. ಪುಟ ನನಗೆ ಗೊತ್ತಿತ್ತು. ಬೆರಳು ಅದರ ಮೇಲೇ ಇತ್ತು. ಆದರೂ ಮುಂದಕ್ಕೂ ಹಿಂದಕ್ಕೂ ಹಾಳೆ ತಿರುವುತ್ತಾ ನಿಂತೆ, ಅವನು ಕೈ ಇಳಿಸಿ ಮುಂದೆ ತಿರುಗುವವರೆಗೆ. ಆಮೇಲೆ ಸಾಲಿನಲ್ಲಿ ಹೋಗಿ ಪರಮಪ್ರಸಾದ ತೆಗೆದುಕೊಂಡೆ.

ಕಾಣಿಕೆ ತಂದಾಗ ನಿನ್ನ ಸೋದರನಿಗೆ ನಿನ್ನ ಮೇಲೆ ಮನಸ್ತಾಪ ಇದೆ ಅಂತ ನೆನಪಾದರೆ, ಕಾಣಿಕೆಯನ್ನ ಅಲ್ಲೇ ಬಿಟ್ಟು ಮೊದಲು ಹೋಗಿ ರಾಜಿಯಾಗು ಅಂತ ಯೇಸು ಹೇಳಿದ್ದು ನನಗೆ ಬಾಯಿಪಾಠ. ಅಂದರೆ ನನಗೆ ಗೊತ್ತಿತ್ತು. ಯಾರ ಒತ್ತಾಯವೂ ಇರಲಿಲ್ಲ. ಆ ಗಳಿಗೆಯಲ್ಲಿ ದೇವರಿಗಿಂತ ನನ್ನ ಸಿಟ್ಟೇ ನನಗೆ ಜಾಸ್ತಿ ಬೇಕಿತ್ತು. ನಮ್ಮಲ್ಲಿ ಇದಕ್ಕೊಂದು ಮಾತಿದೆ, ಜಾಣ ಕುರುಡು. ನನ್ನ ಮನಸ್ಸಿನಲ್ಲಿ ಕತ್ತಲೆ ಇತ್ತು, ನಿಜ. ಆದರೆ ದೀಪ ಆರಿಸಿದವನು ನಾನೇ. ಯೊವಾನ್ನನ ಶುಭಸಂದೇಶದ 9ನೇ ಅಧ್ಯಾಯದ ಕೊನೆಯಲ್ಲಿ ಯೇಸು ಫರಿಸಾಯರಿಗೆ (ಧರ್ಮದ ನಿಯಮ ಪಾಲಿಸುವುದರಲ್ಲಿ ಕಟ್ಟುನಿಟ್ಟಾದ ಯೆಹೂದ್ಯರಿಗೆ) ಹೇಳುವುದು ಇದನ್ನೇ: ನೀವು ಕುರುಡರಾಗಿದ್ದರೆ ನಿಮಗೆ ಪಾಪವಿರುತ್ತಿರಲಿಲ್ಲ, 'ಕಾಣುತ್ತದೆ' ಅನ್ನುತ್ತೀರಲ್ಲ, ಅದಕ್ಕೇ ಪಾಪ ಉಳಿದಿದೆ. ಧರ್ಮೋಪದೇಶ ಗ್ರಂಥವೂ, ಬೇಕೆಂದೇ ನಟಿಸಿದ ಅಜ್ಞಾನದಿಂದ ತಪ್ಪಿನ ಭಾರ ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ ಅನ್ನುತ್ತದೆ. ತಿಳಿಯದೆ ಆದ ಅಜ್ಞಾನಕ್ಕೆ ಮಾತ್ರ ಬೇರೆ ಲೆಕ್ಕ. ಅದು ಭಾರವನ್ನ ಕಡಿಮೆ ಮಾಡುತ್ತದೆ, ಕೆಲವೊಮ್ಮೆ ಪೂರ್ತಿ ಇಳಿಸಿಬಿಡುತ್ತದೆ.

ಹಾಗಾಗಿ ನಿನ್ನ ಮೊದಲ ಪ್ರಶ್ನೆಗೆ ನನ್ನ ಉತ್ತರ ಹೌದು. ಆದರೆ ಈ ಹೌದು ನನಗೆ ಸಿಕ್ಕಿದ್ದು ನನ್ನ ಎದೆಯಲ್ಲಿ. ಇನ್ನೊಬ್ಬರ ಎದೆಯಲ್ಲಿ ಅದನ್ನ ನಾನು ನೋಡಿಲ್ಲ, ನೋಡುವ ಕಣ್ಣೂ ನನಗಿಲ್ಲ.

ಈಗ ಅಪ್ಪನ ವಿಷಯ. ನಿನ್ನ ತಂಗಿ ತೀರಿಕೊಂಡಾಗ ನಾವಿಬ್ಬರೂ ಐದನೇ ಕ್ಲಾಸು. ಅವಳಿನ್ನೂ ಎರಡನೇ ಕ್ಲಾಸು. ಸಮಾಧಾನ ಹೇಳಲು ಬಂದವರೊಬ್ಬರು, 'ದೇವರಿಗೆ ಒಂದು ಹೂವು ಬೇಕಿತ್ತು, ಕಿತ್ತುಕೊಂಡ' ಅಂದರು. ಒಳ್ಳೆ ಮನಸ್ಸಿನಿಂದಲೇ ಅಂದಿರಬೇಕು. ಅಪ್ಪ ಆ ಮಾತನ್ನ ಮರೆಯಲೇ ಇಲ್ಲ. ತುಂಬಾ ವರ್ಷ ಆದ ಮೇಲೆ ಒಮ್ಮೆ ನನ್ನ ಹತ್ತಿರ ಅದನ್ನೇ ಎತ್ತಿದರು. 'ಹೂವು ಬೇಕು ಅಂತ ನನ್ನ ಮಗಳನ್ನ ಕಿತ್ತುಕೊಳ್ಳುವ ದೇವರು ನನಗೆ ಬೇಡ ಕಣೋ' ಅಂದರು.

ಗೆಳೆಯಾ, ಆ ದೇವರು ನನಗೂ ಬೇಡ. ಶುಭಸಂದೇಶದಲ್ಲಿ ಅಂಥ ದೇವರನ್ನ ನಾನು ಕಂಡಿಲ್ಲ. ಅಲ್ಲಿರುವವನು ತನ್ನ ಗೆಳೆಯ ಲಾಜರನ ಸಮಾಧಿಯ ಹತ್ತಿರ ಅತ್ತವನು. ಸತ್ತುಹೋಗಿದ್ದ ಯಾಯೀರನ ಮಗಳ ಕೈ ಹಿಡಿದು ಎಬ್ಬಿಸಿ, ಅವಳಿಗೆ ತಿನ್ನಲು ಏನಾದರೂ ಕೊಡಿ ಅಂದವನು. ನಿನ್ನ ಅಪ್ಪನಿಗೆ ನಾವು ಕೊಟ್ಟದ್ದು ಬೇರೆ ಚಿತ್ರ. 1965ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ, ಅಂದರೆ ಲೋಕದ ಕಥೋಲಿಕ ಬಿಷಪರ ಸಭೆ, ಇದನ್ನ ಬಾಯಿಬಿಟ್ಟು ಒಪ್ಪಿಕೊಂಡಿತು. ನಾಸ್ತಿಕತೆ ಹುಟ್ಟುವುದರಲ್ಲಿ ವಿಶ್ವಾಸಿಗಳದ್ದೂ ಪಾಲಿರಬಹುದು, ದೇವರ ನಿಜವಾದ ಮುಖವನ್ನ ನಾವೇ ಮುಚ್ಚಿಬಿಡುತ್ತೇವೆ ಅಂತ.

ಇದರಿಂದ ಅಪ್ಪನ ಲೆಕ್ಕ ಚುಕ್ತಾ ಆಯ್ತು ಅಂತ ನಾನು ಹೇಳುತ್ತಿಲ್ಲ. ಅವರ 'ಬೇಡ'ದಲ್ಲಿ ಎಷ್ಟು ನೋವಿತ್ತು, ಎಷ್ಟು ಹಟ ಇತ್ತು, ನನಗೆ ಗೊತ್ತಿಲ್ಲ. ಅವರೂ ನನ್ನ ಹಾಗೆ ಎಲ್ಲೋ ಒಂದು ಕಡೆ ಪುಟ ತಿರುವಿರಬಹುದು. ಅವರು ದೊಡ್ಡ ಮನುಷ್ಯ, ಸ್ವಂತ ಬುದ್ಧಿ ಇದ್ದವರು. ಅವರ ಮಾತಿಗೆ ತೂಕವೇ ಇರಲಿಲ್ಲ ಅನ್ನುವುದು ಅವರಿಗೆ ಮಾಡುವ ಅವಮಾನ.

ಆದರೆ ನಾನು ಕಂಡದ್ದನ್ನ ಹೇಳಲೇಬೇಕು. ಪ್ರತಿ ಭಾನುವಾರ ಅವರು ಅಮ್ಮನನ್ನ ಸ್ಕೂಟರಿನಲ್ಲಿ ಚರ್ಚಿನ ಗೇಟಿನವರೆಗೆ ತಂದು ಬಿಡುತ್ತಿದ್ದರು. ಒಳಗೆ ಬರುತ್ತಿರಲಿಲ್ಲ. ಮನೆಗೂ ಹೋಗುತ್ತಿರಲಿಲ್ಲ. ಎದುರಿನ ಮರದ ಕೆಳಗೆ ಪೇಪರ್ ಹಿಡಿದು ಕೂರುತ್ತಿದ್ದರು. ಮಳೆಗಾಲದಲ್ಲಿ ಪೂಜೆ ಮುಗಿಯುವ ಗಂಟೆಗೆ ಸರಿಯಾಗಿ ಕೊಡೆ ಬಿಚ್ಚಿಕೊಂಡು ಮೆಟ್ಟಿಲ ಹತ್ತಿರ ಬಂದು ನಿಲ್ಲುತ್ತಿದ್ದರು. ಕೊಡೆಯೆಲ್ಲ ಅಮ್ಮನ ಕಡೆಗೇ ವಾಲಿರುತ್ತಿತ್ತು. ಅವರ ಎಡ ಭುಜ ಯಾವಾಗಲೂ ತೊಯ್ದಿರುತ್ತಿತ್ತು.

ಮತ್ತಾಯನ ಶುಭಸಂದೇಶದ 25ನೇ ಅಧ್ಯಾಯದ ಕೊನೆಯ ತೀರ್ಪನ್ನ ನಿಧಾನವಾಗಿ ಓದು. ಹಸಿದವರಿಗೆ ಮಾಡಿದ್ದೂ ಮಾಡದೆ ಬಿಟ್ಟದ್ದೂ ನನಗೇ ಅಂತ ಅಲ್ಲಿ ಪ್ರಭು ಹೇಳುತ್ತಾನೆ. 'ಪ್ರಭುವೇ, ನಿನ್ನನ್ನ ಯಾವಾಗ ನೋಡಿದೆವು?' ಅಂತ ಎರಡೂ ಕಡೆಯವರು ಕೇಳುತ್ತಾರೆ. ಊಟ ಕೊಟ್ಟವರಿಗೂ ಗೊತ್ತಿರಲಿಲ್ಲ, ಕೊಡದವರಿಗೂ ಗೊತ್ತಿರಲಿಲ್ಲ. ಅಲ್ಲಿ ಒಬ್ಬರಾದರೂ 'ಹೌದು, ನೀನೇ ಅಂತ ಗೊತ್ತಿತ್ತು' ಅನ್ನುವುದಿಲ್ಲ. ಅಪ್ಪನನ್ನ ನೆನೆದಾಗ ನನಗೆ ಆ ಭಾಗ ಧೈರ್ಯ ಕೊಡುತ್ತದೆ. ನನ್ನನ್ನ ನೆನೆದಾಗ ಹೆದರಿಸುತ್ತದೆ.

ಇನ್ನೊಂದು ಮಾತು. ತಿಳಿದೂ ತಿಳಿದೂ ಬೇಡ ಅಂದವರ ಕತೆ ಬೈಬಲಿನಲ್ಲೇ ಇದೆ. ಪೇತ್ರ. ಯೇಸುವಿನ ಶಿಷ್ಯ, ಮೂರು ವರ್ಷ ಜೊತೆಗಿದ್ದವನು. ಯೇಸುವನ್ನ ಹಿಡಿದ ರಾತ್ರಿ, ಪ್ರಧಾನ ಯಾಜಕನ ಅಂಗಳದಲ್ಲಿ ಇದ್ದಿಲ ಬೆಂಕಿಗೆ ಮೈ ಕಾಯಿಸುತ್ತಾ ಮೂರು ಸಲ 'ನಾನವನ ಶಿಷ್ಯನಲ್ಲ, ಅವನ ಗುರುತಿಲ್ಲ' ಅಂದ. ಇದ್ದಿಲ ಬೆಂಕಿಗೆ ಯೊವಾನ್ನ ಬಳಸಿದ ಗ್ರೀಕ್ ಪದ ಇಡೀ ಹೊಸ ಒಡಂಬಡಿಕೆಯಲ್ಲಿ ಎರಡೇ ಕಡೆ ಬರುತ್ತದೆ. ಒಂದು ಅಲ್ಲಿ. ಇನ್ನೊಂದು 21ನೇ ಅಧ್ಯಾಯದಲ್ಲಿ. ಸರೋವರದ ದಡ, ಬೆಳಗಿನ ಹೊತ್ತು, ಸತ್ತು ಎದ್ದ ಯೇಸು ಇದ್ದಿಲ ಬೆಂಕಿ ಹಾಕಿ, ಅದರ ಮೇಲೆ ಮೀನಿಟ್ಟು ಕಾಯುತ್ತಿದ್ದಾನೆ. 'ಬನ್ನಿ, ತಿನ್ನಿ' ಅನ್ನುತ್ತಾನೆ. ಆಮೇಲೆ ಪೇತ್ರನಿಗೆ ಮೂರು ಸಲ 'ನನ್ನನ್ನ ಪ್ರೀತಿಸುತ್ತೀಯಾ?' ಅಂತ ಕೇಳುತ್ತಾನೆ. ಯಾಕೆ ಹಾಗೆ ಅಂದೆ ಅಂತ ಒಂದು ಸಲವೂ ಕೇಳುವುದಿಲ್ಲ.

ಧರ್ಮಸಭೆ ಸಾವಿರಾರು ಜನರನ್ನ ಸಂತರು ಅಂತ ಹೆಸರು ಹಿಡಿದು ಸಾರಿದೆ. ಇಂಥವರು ನರಕದಲ್ಲಿದ್ದಾರೆ ಅಂತ ಒಬ್ಬ ಮನುಷ್ಯನ ಹೆಸರನ್ನೂ ಸಾರಿಲ್ಲ, ಯೇಸುವನ್ನ ಹಿಡಿದುಕೊಟ್ಟ ಯೂದನದ್ದನ್ನೂ ಸೇರಿಸಿ. ಇದು ಮರೆವಿನಿಂದ ಆದದ್ದಲ್ಲ. ಕೊನೆಯ ಉಸಿರಿನಲ್ಲಿ ಒಬ್ಬ ಮನುಷ್ಯನಿಗೂ ದೇವರಿಗೂ ನಡುವೆ ಏನಾಯ್ತು ಅನ್ನುವುದು ಮಂಚದ ಪಕ್ಕ ನಿಂತ ನಮಗೆ ಕೇಳಿಸುವುದಿಲ್ಲ. ನಮಗೆ ಕೇಳಿಸಿದ್ದು ಒಂದು 'ಬೇಡ' ಮಾತ್ರ.

ನವೆಂಬರ್ 2ಕ್ಕೆ, ಸತ್ತವರ ದಿನಕ್ಕೆ, ಊರಿಗೆ ಬರುತ್ತೇನೆ. ಹಿಂದಿನ ದಿನವೇ ಬಂದರೆ ಸಮಾಧಿಯ ಸುತ್ತ ಬೆಳೆದ ಹುಲ್ಲು ಕೀಳಬಹುದು. ಕುಡುಗೋಲು ನಿಮ್ಮ ಮನೆಯಲ್ಲಿ ಇದೆ ತಾನೆ? ಮೇಣದಬತ್ತಿ ತರಬೇಡ ಅಂತ ಅಮ್ಮನಿಗೆ ಹೇಳು, ನಾನೇ ತರುತ್ತೇನೆ, ತಂಗಿಯದ್ದಕ್ಕೂ ಸೇರಿಸಿ. ಅಣ್ಣನೂ ಜೊತೆಗೆ ಬರುತ್ತಾನೆ.

ನಿನ್ನವನೇ,
ಗೆಳೆಯ