ಬಿಸಿಲಿಗೆ ನಡಿಗೆ ನಿಲ್ಲದಿರಲಿ

ಮಾನ್ಯ ಸಂಪಾದಕರೇ,

ಚಳಿಗಾಲದಲ್ಲಿ ಅಪ್ಪನ ಕೆರೆಯ ಸುತ್ತ ನಡೆಯುತ್ತಿದ್ದವರು ಮಾರ್ಚ್ ಬಂತೆಂದರೆ ಮನೆ ಸೇರುತ್ತಾರೆ. ಕಲಬುರಗಿಯ ಬಿಸಿಲು 40 ಡಿಗ್ರಿ ದಾಟುವಾಗ ಅವರನ್ನು ದೂರುವಂತಿಲ್ಲ. ಆದರೆ ಸಕ್ಕರೆ ಕಾಯಿಲೆ ತಡೆಯಬೇಕಾದರೆ ಈ ಬಿಡುವು ಒಳ್ಳೆಯದಲ್ಲ. ನಡೆದಾಗ ಸ್ನಾಯುಗಳು ರಕ್ತದ ಸಕ್ಕರೆಯನ್ನು ಚೆನ್ನಾಗಿ ಬಳಸಿಕೊಳ್ಳುತ್ತವೆ. ಆ ಗುಣ ಉಳಿಯುವುದು ಒಂದೆರಡು ದಿನ ಮಾತ್ರ. ಡಿಸೆಂಬರಿನ ನಡಿಗೆ ಮೇ ತಿಂಗಳಿಗೆ ಜಮಾ ಆಗುವುದಿಲ್ಲ.

ವಾರದಲ್ಲಿ ಐದು ದಿನ, ದಿನಕ್ಕೆ 30 ನಿಮಿಷ ಸಾಕು; ಸತತ ಎರಡು ದಿನ ಮಾತ್ರ ತಪ್ಪಿಸಬಾರದು. ಮಾತಾಡಲು ಬರಬೇಕು, ಹಾಡಲು ಉಸಿರು ಸಾಲಬಾರದು, ಅಷ್ಟು ಬಿರುಸಿರಲಿ. ಬೇಸಿಗೆಯಲ್ಲಿ ಬೆಳಿಗ್ಗೆ 7ರೊಳಗೆ ಮುಗಿಸಿ. ಆಗದಿದ್ದರೆ ಊಟದ ನಂತರ ಮನೆಯೊಳಗೇ 10 ನಿಮಿಷದಂತೆ ಮೂರು ಸಲ ನಡೆದರೂ ಲೆಕ್ಕಕ್ಕಿದೆ. ವಾರಕ್ಕೆರಡು ದಿನ ಕೈ ಊರದೆ ಕುರ್ಚಿಯಿಂದ 10 ಸಲ ಎದ್ದು ಕೂರುವುದನ್ನು ಎರಡು ಮೂರು ಸುತ್ತು ಮಾಡಿ. ಈಗಾಗಲೇ ಶುಗರ್ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿ ಶುರು ಮಾಡಬೇಕು.

ತೂಕದ ಯಂತ್ರಕ್ಕಿಂತ ಟೇಪು ಹೆಚ್ಚು ಹೇಳುತ್ತದೆ. ನಮ್ಮಲ್ಲಿ ಕೈಕಾಲು ಸಣ್ಣಗಿದ್ದೂ ಹೊಟ್ಟೆ ಬಂದವರು ಬಹಳ, ಕಾಯಿಲೆಗೆ ದಾರಿ ಮಾಡುವುದು ಹೊಟ್ಟೆಯೊಳಗಿನ ಆ ಕೊಬ್ಬೇ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ, ಸಹಜವಾಗಿ ಉಸಿರು ಬಿಟ್ಟು ಅಳೆಯಿರಿ. ಪ್ಯಾಂಟಿನ ಸೈಜ್ ನಂಬಬೇಡಿ, ಬೆಲ್ಟು ಹೊಟ್ಟೆಯ ಕೆಳಗೆ ಜಾರಿರುತ್ತದೆ. ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ಮುಟ್ಟಿದರೆ ಎಚ್ಚರ. ಹೆಚ್ಚು ತೂಕವಿದ್ದರೆ ಶೇ 5ರಿಂದ 7ರಷ್ಟು ಇಳಿಸಿದರೂ ಗುಣ ಕಾಣುತ್ತದೆ, 80 ಕೆ.ಜಿ. ಇದ್ದವರಿಗೆ ಅದು 4ರಿಂದ 5.6 ಕೆ.ಜಿ. ತೂಕ ಇಳಿಯಲಿಲ್ಲವೆಂದು ನಡಿಗೆ ಬಿಡುವುದೂ ತಪ್ಪು. ಚೆನ್ನೈನ ಸಂಶೋಧಕರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಾಯಿಲೆಯ ಅಂಚಿನಲ್ಲಿದ್ದವರು ನಡಿಗೆ, ಊಟ ಸರಿಪಡಿಸಿಕೊಂಡಾಗ ತೂಕ ಅಷ್ಟೇನೂ ಇಳಿಯದಿದ್ದರೂ ಕಾಯಿಲೆಯ ಸಂಭವ ಶೇ 28.5ರಷ್ಟು ತಗ್ಗಿತ್ತು.

ಜೋಳದ ರೊಟ್ಟಿ ಒಳ್ಳೆಯದೇ. ನಾಲ್ಕು ರೊಟ್ಟಿ ಉಂಡ ಮೇಲೆ ತಟ್ಟೆ ತುಂಬ ಅನ್ನ ಬಡಿಸಿಕೊಂಡರೆ ಏನು ಉಪಯೋಗ? ಎರಡು ರೊಟ್ಟಿ, ಅರ್ಧ ತಟ್ಟೆ ಪುಂಡಿಪಲ್ಯವೋ ಸೌತೆಕಾಯಿಯೋ, ಜತೆಗೆ ಬೇಳೆ. ಶೇಂಗಾ ಹಿಂಡಿ (ಚಟ್ನಿಪುಡಿ) ಒಂದು ಚಮಚ ಸಾಕು, ಅದರಲ್ಲಿ ಎಣ್ಣೆ ಬಹಳ.

ವಯಸ್ಸು 30 ದಾಟಿದವರು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಪರೀಕ್ಷಿಸಿಕೊಳ್ಳಬಹುದು. ಖಾಲಿ ಹೊಟ್ಟೆಯಲ್ಲಿ ರಕ್ತದ ಸಕ್ಕರೆ 100ರಿಂದ 125 (ಡೆಸಿಲೀಟರಿಗೆ ಮಿ.ಗ್ರಾಂ.) ಬಂದರೆ ಕಾಯಿಲೆ ಇನ್ನೂ ಬಂದಿಲ್ಲ, ತಡೆಯಲು ಸಮಯವಿದೆ.

ಮಹಾನಗರ ಪಾಲಿಕೆ ಮತ್ತು ಶಿಕ್ಷಣ ಇಲಾಖೆಗೆ ನಮ್ಮ ಮನವಿ: ಬೇಸಿಗೆ ರಜೆಯಲ್ಲಿ ಖಾಲಿ ಬಿದ್ದಿರುವ ಸರ್ಕಾರಿ ಶಾಲಾ ಮೈದಾನಗಳ ಗೇಟನ್ನು ಬೆಳಿಗ್ಗೆ 5ರಿಂದ 7, ಸಂಜೆ 7ರಿಂದ 9ರವರೆಗೆ ತೆರೆದಿಡಿ, ಎರಡು ದೀಪ ಹಾಕಿಸಿ. ಕತ್ತಲಿಗೆ ಹೆದರಿ ಹೊರಗೆ ಬಾರದ ಹೆಣ್ಣುಮಕ್ಕಳೂ ಆಗ ನಡೆದಾರು.

– ಆರೋಗ್ಯ ಕ್ಷೇತ್ರದ ಓದುಗರು, ಕಲಬುರಗಿ